ಕರಪತ್ರ ಕೈಗೆ ಕೊಡಬೇಡಿ

ಮಕ್ಕಳೇ, ನೀವು ಅಚ್ಚು ಹಾಕಿಸಿರುವ ಕರಪತ್ರ ನೋಡಿದೆ. ಭಾಷೆ ಸರಳವಾಗಿದೆ, ನಂಬರುಗಳೆಲ್ಲ ಸರಿಯಾಗಿವೆ. ಆದರೆ ಅದನ್ನು ಯಾವ ಹೆಂಗಸಿನ ಕೈಗೂ ಕೊಡಬೇಡಿ. ಮನೆಯಲ್ಲಿ ಏಟು ತಿನ್ನುವವಳ ಬ್ಯಾಗು, ಪರ್ಸು, ಬಟ್ಟೆ ಬೀರು, ಅಕ್ಕಿ ಡಬ್ಬಿ ಎಲ್ಲವನ್ನೂ ಯಾರಾದರೊಬ್ಬರು ತಡಕುತ್ತಿರುತ್ತಾರೆ. ‘ಗಂಡ ಹೊಡೆಯುತ್ತಾನೆಯೇ? ಕರೆ ಮಾಡಿ’ ಎಂದು ಕೆಂಪಕ್ಷರದಲ್ಲಿ ಬರೆದ ಹಾಳೆ ಅಲ್ಲಿ ಸಿಕ್ಕರೆ ಆ ರಾತ್ರಿ ಅವಳ ಪಾಡು ಏನಾದೀತು, ಯೋಚಿಸಿ. ಆ ಹೊತ್ತಿಗೆ ನೀವು ನಿಮ್ಮ ನಿಮ್ಮ ಮನೆ ಸೇರಿರುತ್ತೀರಿ.

ಆ ಹಾಳೆಗಳನ್ನು ಗಂಡ ಹಿಂದೆ ಬರಲಾಗದ ಜಾಗಗಳಲ್ಲಿ ಅಂಟಿಸಿ. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್ ಫ್ಯಾಕ್ಟರಿಗಳಲ್ಲಿ ಹೆಂಗಸರ ಶೌಚಾಲಯದ ಬಾಗಿಲಿಗೆ, ಒಳಗಡೆಯಿಂದ. ಬ್ಲೌಸ್ ಹೊಲಿಯುವ ಟೈಲರ್ ಅಕ್ಕನ ಅಂಗಡಿಯ ಪರದೆಯ ಹಿಂದೆ. ಬ್ಯೂಟಿ ಪಾರ್ಲರಿನಲ್ಲಿ, ಅಂಗನವಾಡಿಯಲ್ಲಿ, ಬಸುರಿಯರನ್ನು ಸ್ಕ್ಯಾನಿಂಗಿಗೆ ಕರೆದೊಯ್ಯುವ ಕೋಣೆಯಲ್ಲಿ. ಹಾಳೆಯಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಮಹಿಳಾ ಸಹಾಯವಾಣಿಯ ನಂಬರು 181 ಇರಲಿ. ಮೂರೇ ಅಂಕಿ, ಬರೆದಿಟ್ಟುಕೊಳ್ಳುವ ಅಗತ್ಯವಿಲ್ಲ, ನೋಡಿದವಳ ತಲೆಯಲ್ಲಿ ಉಳಿಯುತ್ತದೆ. ತಲೆಯೊಳಗಿನದನ್ನು ಯಾರೂ ತಡಕಲಾರರು.

ಈ ಊರಿನ ವಠಾರ, ಲೇಔಟು, ಕೊಳೆಗೇರಿಗಳಲ್ಲಿ ಬಹಳ ವರ್ಷ ಇದೇ ಕೆಲಸಕ್ಕೆ ಓಡಾಡಿದವಳು ನಾನು. ನಿಮ್ಮ ಉತ್ಸಾಹ ನೋಡಿದರೆ ಹೊಟ್ಟೆ ತಂಪಾಗುತ್ತದೆ. ಅದಕ್ಕೇ ಕೆಲವು ಮಾತು ನಿಮ್ಮ ಕಿವಿಗೆ ಹಾಕಬೇಕು ಅನ್ನಿಸಿತು.

ಮೊದಲು ಈ ಲೆಕ್ಕ ಗೊತ್ತಿರಲಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ, 18ರಿಂದ 49 ವರ್ಷದೊಳಗಿನ ಹೆಂಗಸರಲ್ಲಿ ಶೇ. 44.4 ಮಂದಿ ಗಂಡನಿಂದ ಹಿಂಸೆ ಅನುಭವಿಸಿದವರು. ಅದಕ್ಕೆ ಹಿಂದಿನ ಸಮೀಕ್ಷೆಯಲ್ಲಿ ಇದು ಶೇ. 20.6 ಇತ್ತು. ದೇಶದ ಸರಾಸರಿ ಶೇ. 29.3. ಐದು ವರ್ಷದಲ್ಲಿ ಇಷ್ಟು ಏರಿದ್ದರಲ್ಲಿ ಹಿಂಸೆ ಹೆಚ್ಚಿದ್ದೆಷ್ಟು, ಹೆಂಗಸರು ಬಾಯಿ ಬಿಟ್ಟು ಹೇಳಿದ್ದೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಆದರೆ ಅದೇ ಸಮೀಕ್ಷೆಯ ಇನ್ನೊಂದು ಅಂಕಿ ನಿಮ್ಮ ಕೆಲಸಕ್ಕೆ ನೇರ ಸಂಬಂಧಪಟ್ಟದ್ದು. ದೇಶದಲ್ಲಿ ಹಿಂಸೆಗೆ ಒಳಗಾದ ಹೆಂಗಸರಲ್ಲಿ ಶೇ. 77 ಮಂದಿ ಯಾರ ಸಹಾಯವನ್ನೂ ಕೇಳಿಲ್ಲ, ಯಾರಿಗೂ ಹೇಳಿಯೇ ಇಲ್ಲ. ಸಹಾಯ ಕೇಳಿದವರು ಶೇ. 14 ಮಾತ್ರ. ಅವರಲ್ಲೂ ಹೆಚ್ಚಿನವರು ಕೇಳಿದ್ದು ತವರಿನವರನ್ನು, ಗಂಡನ ಕಡೆಯವರನ್ನು, ನೆರೆಹೊರೆಯವರನ್ನು. ಪೊಲೀಸರು, ವಕೀಲರು, ಡಾಕ್ಟರುಗಳ ತನಕ ಹೋದವರು ತೀರಾ ಕಡಿಮೆ.

ಇದರಿಂದ ನಮಗೆ ತಿಳಿಯುವುದೇನು? ಅವಳು ನಿಮ್ಮ ಹತ್ತಿರ ಬರುವುದಿಲ್ಲ. ಬಂದರೂ ಕೊನೆಗೆ ಬರುತ್ತಾಳೆ. ಅದಕ್ಕೆ ಮುಂಚೆ ಮನೆಗೆಲಸದ ಹೆಂಗಸಿಗೆ, ಆಶಾ ಕಾರ್ಯಕರ್ತೆಗೆ, ಸ್ತ್ರೀಶಕ್ತಿ ಸಂಘದ ಗೆಳತಿಗೆ, ಪಕ್ಕದ ಮನೆ ಅಜ್ಜಿಗೆ ಒಂದರ್ಧ ಮಾತಿನಲ್ಲಿ ಹೇಳಿರುತ್ತಾಳೆ. ‘ನಿನ್ನೆ ಸ್ವಲ್ಪ ಜೋರಾಯ್ತು ಅಕ್ಕ’ ಅನ್ನುವಷ್ಟೇ ಮಾತು. ಆ ಅರ್ಧ ಮಾತು ಕೇಳಿದವರು ಏನು ಮಾಡುತ್ತಾರೆ ಅನ್ನುವುದರ ಮೇಲೆ ಮುಂದಿನದೆಲ್ಲ ನಿಂತಿದೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಗಾದೆ ಹೇಳಿ ಕಳಿಸಿಬಿಟ್ಟರೆ ಅವಳು ಮತ್ತೆ ವರ್ಷಗಟ್ಟಲೆ ಬಾಯಿ ಬಿಡುವುದಿಲ್ಲ. ಆದ್ದರಿಂದ ನೀವು ನಿಮ್ಮ ಶ್ರಮದ ಮುಕ್ಕಾಲು ಪಾಲನ್ನು ಹಾಕಬೇಕಾದದ್ದು ಈ ಕೇಳಿಸಿಕೊಳ್ಳುವವರ ಮೇಲೆ. ಅವರಿಗೆ ಕಾನೂನಿನ ಪಾಠ ಬೇಡ. ‘ಯಾಕೆ ಇಷ್ಟು ದಿನ ಸುಮ್ಮನಿದ್ದೆ’ ಎಂದು ಕೇಳಬಾರದು ಅಂತ ಹೇಳಿಕೊಡಿ. ‘ನನಗೆ ಹೇಳಿದ್ದು ಒಳ್ಳೆಯದಾಯ್ತು, ತಪ್ಪು ನಿಂದಲ್ಲ. ಈಗ ಮನೆಗೆ ಹೋದರೆ ಅಪಾಯ ಇದೆಯಾ?’ ಇಷ್ಟು ಮಾತಾಡಲು ಬಂದರೆ ಸಾಕು. ಆಮೇಲೆ ಅದನ್ನು ಬೇರೆಯವರ ಮುಂದೆ ಆಡದೆ ಇರುವುದನ್ನು ಕಲಿಸಿ. ಇದೇ ಎಲ್ಲಕ್ಕಿಂತ ಕಷ್ಟದ ಪಾಠ.

ಮುಂಬೈಯವರು ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡರು. 2000ದ ಸುಮಾರಿಗೆ ಅಲ್ಲಿನ ಮಹಾನಗರ ಪಾಲಿಕೆಯೂ ಸೇಹತ್ ಎಂಬ ಸಂಸ್ಥೆಯೂ ಸೇರಿ ಬಾಂದ್ರಾದ ಭಾಭಾ ಆಸ್ಪತ್ರೆಯೊಳಗೆ ‘ದಿಲಾಸಾ’ ಎಂಬ ಕೇಂದ್ರ ತೆರೆದವು. ಆಸ್ಪತ್ರೆಗೆ ಹೋಗುತ್ತೇನೆ ಅಂದರೆ ಮನೆಯಲ್ಲಿ ಯಾರೂ ತಡೆಯುವುದಿಲ್ಲ. ಕೈ ಮುರಿದುಕೊಂಡು ಬಂದವಳನ್ನು, ವಿಷ ಕುಡಿದು ಬದುಕಿದವಳನ್ನು ನರ್ಸು, ಡಾಕ್ಟರು ಮರೆಯಲ್ಲಿ ಕೂರಿಸಿಕೊಂಡು ಕೇಳಬೇಕು ಎಂದು ತರಬೇತಿ ಕೊಟ್ಟರು. ಆ ಮಾದರಿ ಮುಂದೆ ಪಾಲಿಕೆಯ ಬೇರೆ ಆಸ್ಪತ್ರೆಗಳಿಗೂ ಹೋಯಿತು. ನಮ್ಮ ಬೆಂಗಳೂರಿನಲ್ಲೂ ಇಂಥ ಕೆಲಸದ ಬೇರು ಆಸ್ಪತ್ರೆಯಲ್ಲೇ ಇದೆ. 1979ರಲ್ಲಿ ಇಲ್ಲಿ ಹುಟ್ಟಿದ ವಿಮೋಚನಾ ಸಂಘಟನೆಯ ಹೆಣ್ಣುಮಕ್ಕಳು ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿಗೆ ಹೋಗಿ ಹೋಗಿ ಕೂತರು. ‘ಸ್ಟೌ ಸಿಡಿದು ಸಾವು’ ಎಂದು ಕಡತ ಮುಚ್ಚಿಹೋಗುತ್ತಿದ್ದ ಕಾಲ ಅದು. ಸಿಡಿಯುವ ಸ್ಟೌವುಗಳೆಲ್ಲ ಹೊಸದಾಗಿ ಮದುವೆಯಾಗಿ ಬಂದ ಸೊಸೆಯರನ್ನೇ ಯಾಕೆ ಸುಡುತ್ತವೆ ಎಂದು ಅವರು ಊರನ್ನೇ ಕೇಳಿದರು. ನಿಮ್ಮ ಬಡಾವಣೆಯಲ್ಲಿ ಈಗ ಸರ್ಕಾರದ ‘ನಮ್ಮ ಕ್ಲಿನಿಕ್’ ಇದೆ. ಅಲ್ಲಿನ ನರ್ಸಿನ ಪರಿಚಯ ಮಾಡಿಕೊಳ್ಳಿ. ‘ಬಚ್ಚಲಲ್ಲಿ ಜಾರಿ ಬಿದ್ದೆ’ ಅನ್ನುವ ಮಾತನ್ನು ನಿಮಗಿಂತ ಹೆಚ್ಚು ಸಲ ಕೇಳಿದವರು ಅವರು.

ಅಪಾರ್ಟ್‌ಮೆಂಟುಗಳ ಕಥೆ ಬೇರೆ. ಹಿಂಸೆ ಶೆಡ್ಡುಗಳಲ್ಲಿ, ಕುಡುಕರ ಮನೆಗಳಲ್ಲಿ ಮಾತ್ರ ಅಂದುಕೊಂಡವರು ನಿಮ್ಮಲ್ಲಿ ಇದ್ದರೆ ಈಗಲೇ ಆ ಯೋಚನೆ ಬಿಡಿ. ಹದಿನಾಲ್ಕನೆಯ ಮಹಡಿಯಲ್ಲಿ ಲ್ಯಾಪ್‌ಟಾಪು ಹಿಡಿದು ಕೂತವಳ ಸಂಬಳ ಪೂರ್ತಿ ಗಂಡನ ಖಾತೆಗೆ ಹೋಗುತ್ತಿರುತ್ತದೆ, ಅವಳು ತರಕಾರಿಗೆ ಹಣ ಕೇಳಬೇಕು. ಅಲ್ಲಿಗೆ ನೀವು ಗೇಟಿನಿಂದ ಹೋದರೆ ‘ನಿಮ್ಮ ಮನೆಗೆ ಇಂಥವರು ಬಂದಿದ್ದಾರೆ’ ಎಂದು ಗಂಡನ ಮೊಬೈಲಿಗೆ ಸಂದೇಶ ಹೋಗುತ್ತದೆ. ಆದ್ದರಿಂದ ಅವಳಿರುವಲ್ಲಿಗೆ ನೀವು ಹೋಗಬೇಡಿ, ಅವಳು ಹೇಗೂ ಬರುವ ಜಾಗದಲ್ಲಿ ಇರಿ. ಯೋಗದ ತರಗತಿ, ರಾಜ್ಯೋತ್ಸವದ ತಯಾರಿ, ಮಕ್ಕಳ ಆಟದ ಅಂಗಳ, ಯಾವುದಾದರೂ ಸರಿ. ಮದುವೆಯಾಗಿ ಬಿಹಾರದಿಂದಲೋ ಒಡಿಶಾದಿಂದಲೋ ಬಂದವಳಿಗೆ ಇಲ್ಲಿನ ಭಾಷೆ ಗೊತ್ತಿಲ್ಲ, ತವರು ದೂರ. ಯಾದಗಿರಿ, ರಾಯಚೂರಿನಿಂದ ಕಟ್ಟಡದ ಕೆಲಸಕ್ಕೆ ಬಂದು ಶೆಡ್ಡಿನಲ್ಲಿರುವ ನಮ್ಮವಳಿಗೂ ಠಾಣೆಯವರ ಕನ್ನಡ ಅರ್ಧ ಅರ್ಥವಾಗುವುದಿಲ್ಲ. ನಿಮ್ಮ ಗುಂಪಿನಲ್ಲಿ ಹಿಂದಿ, ಬಂಗಾಳಿ, ಉರ್ದು, ತಮಿಳು, ತೆಲುಗು ಬಲ್ಲವರು ಯಾರು ಅಂತ ಇವತ್ತೇ ಪಟ್ಟಿ ಮಾಡಿಟ್ಟುಕೊಳ್ಳಿ.

ಕಾನೂನಿನ ಬಗ್ಗೆ ಒಂದು ವಿಷಯ ನೀವು ನೂರು ಸಲ ಹೇಳಬೇಕಾಗುತ್ತದೆ. ‘ಕಂಪ್ಲೇಂಟ್ ಕೊಟ್ಟರೆ ಅವರನ್ನು ಜೈಲಿಗೆ ಹಾಕ್ತಾರೆ, ಆಮೇಲೆ ನನ್ನ ಮಕ್ಕಳಿಗೆ ಯಾರು ಗತಿ’ ಅನ್ನುವುದು ಬಹಳ ಹೆಂಗಸರ ಭಯ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ, ಅಂದರೆ ಜನ ಡಿ.ವಿ. ಕೇಸು ಅನ್ನುತ್ತಾರಲ್ಲ ಅದು, ಜೈಲಿಗೆ ಕಳಿಸಲೆಂದು ಮಾಡಿದ ಕಾಯ್ದೆಯಲ್ಲ. 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಹೊಡೆಯಬಾರದು, ಹತ್ತಿರ ಬರಬಾರದು ಎಂದು ಮ್ಯಾಜಿಸ್ಟ್ರೇಟರು ಆಜ್ಞೆ ಮಾಡಬಹುದು. ಅವಳನ್ನು ಮನೆಯಿಂದ ಹೊರಹಾಕದಂತೆ ತಡೆಯಬಹುದು, ಬೇಕಾದರೆ ಗಂಡನನ್ನೇ ಮನೆ ಬಿಟ್ಟು ಹೋಗು ಅನ್ನಬಹುದು. ಖರ್ಚಿಗೆ ಹಣ, ಮಕ್ಕಳ ತಾತ್ಕಾಲಿಕ ಸುಪರ್ದಿ, ಅವಳ ಒಡವೆ ವಾಪಸು ಕೊಡಿಸುವುದು, ಇವೆಲ್ಲ ಒಂದೇ ಅರ್ಜಿಯಲ್ಲಿ ಕೇಳಬಹುದು. ಹೊಡೆತ ಮಾತ್ರ ಹಿಂಸೆಯಲ್ಲ. ಬೈಗುಳ, ಅವಮಾನ, ಒತ್ತಾಯದ ಸಂಬಂಧ, ಖರ್ಚಿಗೆ ಕೊಡದೆ ಸತಾಯಿಸುವುದು ಎಲ್ಲವೂ ಈ ಕಾಯ್ದೆಯೊಳಗೆ ಬರುತ್ತವೆ. ಮದುವೆಯಾಗದೆ ಜೊತೆಗಿದ್ದವಳಿಗೂ, ಮಗ ಹೊಡೆಯುವ ತಾಯಿಗೂ, ಅಣ್ಣ ಹೊರಹಾಕಿದ ತಂಗಿಗೂ ಇದು ಅನ್ವಯಿಸುತ್ತದೆ. ಸೈಟಿಗೆ ಸಹಿ ಹಾಕು ಅಂತ ಮಗನಿಂದ ಏಟು ತಿನ್ನುವ ಮುದುಕಿಯರು ಈ ಊರಿನಲ್ಲಿ ನೀವು ಅಂದುಕೊಂಡಿರುವುದಕ್ಕಿಂತ ಹೆಚ್ಚು ಮಂದಿ ಇದ್ದಾರೆ.

‘ಮನೆ ಮಾವನ ಹೆಸರಿನಲ್ಲಿದೆ, ನಿನಗೇನು ಹಕ್ಕು’ ಎಂದು ಹೆದರಿಸುತ್ತಾರೆ. 2020ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ ಸ್ಪಷ್ಟ ಮಾಡಿತು: ಸೊಸೆ ಸಂಸಾರ ಮಾಡಿಕೊಂಡಿದ್ದ ಮನೆ ಅತ್ತೆಮಾವಂದಿರ ಹೆಸರಿನಲ್ಲಿದ್ದರೂ ಅಲ್ಲಿ ವಾಸಿಸುವ ಹಕ್ಕು ಕೇಳಬಹುದು. ವಕೀಲರ ಫೀಜಿಗೆ ಹಣವಿಲ್ಲ ಅನ್ನುವವಳಿಗೆ 15100 ನಂಬರು ಕೊಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗಬೇಕು ಎಂದಿದೆ. ಅರ್ಜಿಗೆ ಮುನ್ನ ವರದಿ ಬರೆಯುವವರು ಸಂರಕ್ಷಣಾಧಿಕಾರಿ. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೆ ಈ ಹೊಣೆ ಕೊಟ್ಟಿದ್ದಾರೆ. ಅವರಿಗೆ ಅಂಗನವಾಡಿಗಳ ಕೆಲಸವೂ ಇದೆ, ನೂರೆಂಟು ಸಭೆಗಳೂ ಇವೆ. ಬೈದು ಪ್ರಯೋಜನವಿಲ್ಲ. ಕಾಗದಗಳನ್ನು ಜೋಡಿಸಿಕೊಂಡು ಹೋಗಿ, ದಿನಾಂಕ ಬರೆಸಿಕೊಂಡು ಬನ್ನಿ, ಮತ್ತೆ ಹೋಗಿ.

ಇನ್ನು ರಾಜಿ ಪಂಚಾಯಿತಿ. ಇದಕ್ಕೆ ಕೈ ಹಾಕಬೇಡಿ. ಬೀದಿಯ ಮುಖಂಡರೋ ಠಾಣೆಯವರೋ ಗಂಡನನ್ನು ಕರೆಸಿ, ಬೈದು, ‘ಇನ್ನು ಮುಂದೆ ಹೊಡೆಯುವುದಿಲ್ಲ’ ಎಂದು ಮುಚ್ಚಳಿಕೆ ಬರೆಸಿ ಕಳಿಸುತ್ತಾರೆ. ಎಲ್ಲರಿಗೂ ಸಮಾಧಾನ. ಮನೆಗೆ ಹೋದ ಮೇಲೆ ಆ ಅವಮಾನಕ್ಕೆಲ್ಲ ಸೇರಿಸಿ ಅವಳಿಗೆ ಬೀಳುತ್ತದೆ. ಮುಚ್ಚಳಿಕೆ ಮುರಿದರೆ ಏನೂ ಆಗುವುದಿಲ್ಲ. ಮ್ಯಾಜಿಸ್ಟ್ರೇಟರ ರಕ್ಷಣಾ ಆಜ್ಞೆ ಮುರಿದರೆ ಒಂದು ವರ್ಷದ ತನಕ ಸಜೆ, ಇಪ್ಪತ್ತು ಸಾವಿರ ರೂಪಾಯಿ ತನಕ ದಂಡ, ಅಥವಾ ಎರಡೂ ಆಗಬಹುದು. ಈ ವ್ಯತ್ಯಾಸವನ್ನು ಅವಳಿಗೂ ಹೇಳಿ, ನಿಮ್ಮ ಬೀದಿಯ ಹಿರಿಯರಿಗೂ ಹೇಳಿ.

ಕಾಗದಪತ್ರದ ವಿಷಯದಲ್ಲಿ ನೀವು ಓದಿದವರು, ನನಗಿಂತ ಚೆನ್ನಾಗಿ ಸಹಾಯ ಮಾಡಬಲ್ಲಿರಿ. ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್ಕು, ಮಕ್ಕಳ ಜನನ ಪ್ರಮಾಣಪತ್ರ, ತಾಯಿ ಕಾರ್ಡು, ಲಗ್ನಪತ್ರಿಕೆ, ಒಡವೆಯ ರಸೀದಿ ಇವುಗಳ ನಕಲನ್ನು ನಂಬಿಕೆಯ ಒಬ್ಬರ ಹತ್ತಿರ ಇಡಿಸಿ. ಶಕ್ತಿ ಯೋಜನೆಯ ಬಸ್ಸಿನಲ್ಲಿ ಬಿಟ್ಟಿ ಹೋಗಲೂ ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಬೇಕು. ಎಷ್ಟೋ ಮನೆಗಳಲ್ಲಿ ಅವಳ ಆಧಾರಿಗೆ, ಬ್ಯಾಂಕ್ ಖಾತೆಗೆ ಗಂಡನ ಮೊಬೈಲ್ ನಂಬರು ಜೋಡಿಸಿರುತ್ತಾರೆ. ಗೃಹಲಕ್ಷ್ಮಿಯ ಎರಡು ಸಾವಿರ ಬಂತೋ ಇಲ್ಲವೋ ಅವಳಿಗೆ ತಿಳಿಯುವುದೇ ಇಲ್ಲ, ಒಟಿಪಿ ಅವನಿಗೆ ಹೋಗುತ್ತದೆ. ಆಧಾರ್ ಕೇಂದ್ರದಲ್ಲಿ ಬೆರಳಚ್ಚು ಕೊಟ್ಟು ನಂಬರು ಬದಲಿಸಬಹುದು. ಯಾವಾಗ ಬದಲಿಸಿದರೆ ಅಪಾಯವಿಲ್ಲ ಅನ್ನುವುದು ಅವಳಿಗೇ ಗೊತ್ತು, ಅವಳೇ ಹೇಳಲಿ. ಅವಳ ಫೋನಿಗೆ ನೀವಾಗಿ ಕರೆ ಮಾಡಬೇಡಿ, ವಾಟ್ಸ್‌ಆ್ಯಪ್ ಕಳಿಸಬೇಡಿ. ಅದು ಬೇರೆ ಕಡೆಯೂ ತೆರೆದಿರಬಹುದು. ಗಾಯದ ಫೋಟೋ ನಿಮ್ಮ ಗುಂಪಿನಲ್ಲಿ ಹಂಚುವುದಂತೂ ಯಾವ ಕಾರಣಕ್ಕೂ ಬೇಡ.

ಬೆಂಗಳೂರಿನಲ್ಲಿ ಹೆಂಗಸು ಮನೆ ಬಿಡದಿರಲು ದೊಡ್ಡ ಕಾರಣ ಭಯ ಅನ್ನುತ್ತಾರೆ. ನಾನು ಕಂಡದ್ದರಲ್ಲಿ ಅದಕ್ಕೆ ಸಮನಾದ ಇನ್ನೊಂದು ಕಾರಣ ಅಡ್ವಾನ್ಸು. ಒಂದು ರೂಮಿಗೆ ಹತ್ತು ತಿಂಗಳ ಬಾಡಿಗೆ ಮುಂಗಡ ಕೇಳುವ ಊರಿದು. ಎರಡು ಮಕ್ಕಳನ್ನು ಕಟ್ಟಿಕೊಂಡ ಹೆಂಗಸು ಅದನ್ನು ಎಲ್ಲಿಂದ ತರುತ್ತಾಳೆ? ತಂದರೂ ‘ಗಂಡ ಜೊತೆಗಿಲ್ವಾ? ಹಾಗಿದ್ರೆ ಬೇಡಮ್ಮ’ ಅನ್ನುವ ಓನರುಗಳು. ಸಖಿ ಒನ್ ಸ್ಟಾಪ್ ಕೇಂದ್ರದಲ್ಲಿ ಚಿಕಿತ್ಸೆ, ಪೊಲೀಸ್ ನೆರವು, ವಕೀಲರ ಸಲಹೆ ಒಂದೇ ಕಡೆ ಸಿಗುತ್ತವೆ, ಆದರೆ ಅಲ್ಲಿನ ತಂಗುವಿಕೆ ಐದು ದಿನಕ್ಕೆ ಎಂದು ಮಾಡಿದ್ದು. ಆಮೇಲಿನದಕ್ಕೆ ಶಕ್ತಿ ಸದನದಂಥ ವಸತಿಗಳಿವೆ, ಆದರೆ ಎಲ್ಲರೂ ಅಲ್ಲಿಗೆ ಹೋಗಲು ಒಪ್ಪುವುದಿಲ್ಲ, ದೊಡ್ಡ ಗಂಡುಮಕ್ಕಳಿದ್ದರೆ ಇನ್ನೂ ತೊಡಕು. ಆದ್ದರಿಂದ ನಿಮ್ಮ ಬಡಾವಣೆಯ ಮನೆ ಮಾಲೀಕರ ಜೊತೆ ಮಾತಾಡಿ. ಒಂಟಿ ಹೆಂಗಸಿಗೆ, ಎರಡು ತಿಂಗಳ ಅಡ್ವಾನ್ಸಿಗೆ, ಒಂದು ರೂಮು ಕೊಡಲು ಒಪ್ಪುವ ನಾಲ್ಕು ಮನೆಯವರನ್ನು ಹುಡುಕಿಟ್ಟರೆ ಅದು ನಾಲ್ಕು ಸಾವಿರ ಕರಪತ್ರಕ್ಕಿಂತ ದೊಡ್ಡ ಕೆಲಸ. ಒಂದು ಸಲ ಪೊಲೀಸರ ಹೊಯ್ಸಳ ಗಾಡಿ ಬಂದು ಹೋಯಿತು ಎಂಬ ಕಾರಣಕ್ಕೆ ಏಟು ತಿಂದವಳ ಸಂಸಾರವನ್ನೇ ಖಾಲಿ ಮಾಡಿಸುವವರಿದ್ದಾರೆ. ಹಾಗೆ ಮಾಡಿದರೆ ಪಕ್ಕದ ಮನೆಯವಳು ಇನ್ನು ಯಾವತ್ತೂ 112 ಒತ್ತುವುದಿಲ್ಲ ಎಂದು ಅವರಿಗೆ ತಿಳಿಸಿ ಹೇಳಿ. ಮಕ್ಕಳ ಶಾಲೆ ಬದಲಿಸಬೇಕಾದರೆ ಟಿಸಿ ತಡವಾಯಿತೆಂದು ಸೇರಿಸಿಕೊಳ್ಳದೆ ಇರುವಂತಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಹಾಗಿದೆ. ಹೆಡ್‌ಮಾಸ್ಟರಿಗೆ ಮರ್ಯಾದೆಯಿಂದ ನೆನಪಿಸಿ.

ಗುಂಪಿನಲ್ಲಿರುವ ಹುಡುಗರೇ, ನಿಮಗೂ ಕೆಲಸವಿದೆ. 2008ರಲ್ಲಿ ಬ್ರೇಕ್‌ಥ್ರೂ ಸಂಸ್ಥೆಯವರು ‘ಬೆಲ್ ಬಜಾವೋ’ ಎಂಬ ಆಂದೋಲನ ಶುರು ಮಾಡಿದರು. ಜಗಳದ ಸದ್ದು ಕೇಳಿದಾಗ ಆ ಮನೆಯ ಬೆಲ್ ಒತ್ತಿ ಏನಾದರೊಂದು ನೆಪ ಹೇಳಿ ಅನ್ನುವುದಷ್ಟೇ ಅದರ ತಿರುಳು. ನಮ್ಮ ಊರಿನಲ್ಲಿ ನೆಪಕ್ಕೆ ಬರವೇ? ‘ಕಾವೇರಿ ನೀರು ಬಂತಾ ಸಾರ್, ನಮ್ಮನೇಲಿ ಬರ್ತಿಲ್ಲ’ ಎಂದು ಕೇಳಿ. ಎತ್ತಿದ ಕೈ ಆ ಕ್ಷಣಕ್ಕಾದರೂ ಇಳಿಯುತ್ತದೆ. ಒಳಗೆ ನುಗ್ಗಬೇಡಿ, ಬುದ್ಧಿ ಹೇಳಬೇಡಿ, ‘ನಿಮ್ಮ ಹೆಂಡತಿ ಹೇಳಿದ್ರು’ ಅನ್ನುವ ಮಾತು ಬಾಯಿತಪ್ಪಿಯೂ ಬೇಡ. ಸದ್ದು ನಿಲ್ಲದಿದ್ದರೆ ಕೆಳಗಿಳಿದು 112 ಒತ್ತಿ. ನಿಮಗೆ ಕಂಡದ್ದನ್ನು ಸಂರಕ್ಷಣಾಧಿಕಾರಿಗೆ ಸದುದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಹಾಕಲಾಗದು ಎಂದು ಕಾಯ್ದೆಯ ನಾಲ್ಕನೆಯ ಕಲಮಿನಲ್ಲೇ ಇದೆ.

ಅವಳ ನಿರ್ಧಾರ ಅವಳದು, ನಿಜ. ಆದರೆ ಕೆಲವು ಸುಳಿವು ಸಿಕ್ಕಾಗ ನೀವು ಸುಮ್ಮನಿರಬಾರದು. ಕತ್ತು ಹಿಸುಕಿದ್ದಾನೆ, ಸೀಮೆಎಣ್ಣೆ ಪೆಟ್ರೋಲು ಸುರಿದಿದ್ದಾನೆ, ಚಾಕು ಹಿಡಿದಿದ್ದಾನೆ, ಬಸುರಿ ಹೊಟ್ಟೆಗೆ ಒದ್ದಿದ್ದಾನೆ ಅಂದರೆ ಅದು ‘ಸ್ವಲ್ಪ ಜೋರಾಯ್ತು’ ಅಲ್ಲ, ಜೀವಕ್ಕೆ ಬಂದದ್ದು. ಕತ್ತು ಹಿಸುಕಿದಾಗ ಹೊರಗೆ ಗುರುತು ಕಾಣದೆ ಇರಬಹುದು. ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ, ಕಾನೂನಿಗೆ ಬೇಕಾದ ವೈದ್ಯಕೀಯ ದಾಖಲೆ, ಅಂದರೆ ಎಂಎಲ್‌ಸಿ ಮಾಡಿಸಿ. ಹೊಡೆಯುವವನು ಅತಿ ಅಪಾಯಕಾರಿಯಾಗುವುದು ಅವಳು ಬಿಟ್ಟು ಹೋಗುತ್ತಾಳೆ ಎಂದು ಅವನಿಗೆ ತಿಳಿದಾಗ, ಅವಳು ಹೋದ ಮೊದಲ ಕೆಲವು ವಾರಗಳಲ್ಲಿ. ‘ಬಿಟ್ಟು ಬಾ, ಬಿಟ್ಟು ಬಾ’ ಎಂದು ಅವಸರ ಮಾಡುವ ಮುಂಚೆ ಎಲ್ಲಿಗೆ, ಹೇಗೆ, ಯಾರ ಜೊತೆ ಅನ್ನುವುದು ತಯಾರಿರಬೇಕು. ನಿಮ್ಮ ಮನೆಗೆ ಕರೆದುಕೊಂಡು ಹೋಗಿಬಿಡುವುದು ಮನಸ್ಸಿಗೆ ಸುಲಭ, ಆದರೆ ಅವನು ಮೊದಲು ಹುಡುಕಿಕೊಂಡು ಬರುವುದೂ ಅಲ್ಲಿಗೇ.

ಮತ್ತೆ, ಅವಳು ವಾಪಸು ಹೋಗುತ್ತಾಳೆ. ಇಷ್ಟೆಲ್ಲ ಮಾಡಿದ ಮೇಲೂ ಒಂದು ದಿನ ಕೇಸು ವಾಪಸು ತೆಗೆದುಕೊಂಡು, ಕುಂಕುಮ ಇಟ್ಟುಕೊಂಡು, ಗಂಡನ ಗಾಡಿ ಹಿಂದೆ ಕೂತು ಹೋಗುತ್ತಾಳೆ. ನಿಮ್ಮನ್ನು ಕಂಡರೂ ಕಾಣದಂತೆ ಮುಖ ತಿರುಗಿಸಬಹುದು. ಆಗ ನಿಮಗೆ ಸಿಟ್ಟು ಬರುತ್ತದೆ, ‘ಇವರಿಗೆಲ್ಲ ಯಾಕೆ ಮಾಡಬೇಕು’ ಅನ್ನಿಸುತ್ತದೆ. ಬಹಳ ಮಂದಿ ಕಾರ್ಯಕರ್ತೆಯರು ಈ ಕೆಲಸ ಬಿಟ್ಟಿದ್ದು ಆ ಹೊತ್ತಿನಲ್ಲೇ. ಅವಳು ಹೋದದ್ದು ಬುದ್ಧಿಯಿಲ್ಲದೆ ಅಲ್ಲ. ಮಕ್ಕಳ ಪರೀಕ್ಷೆ, ತಂಗಿಯ ಮದುವೆ, ಬಾಡಿಗೆ, ತವರಿನ ತಾತ್ಸಾರ ಎಲ್ಲವನ್ನೂ ತೂಗಿ ಹೋಗಿರುತ್ತಾಳೆ. ನಿಮ್ಮ ಮೇಲಿನ ನಂಬಿಕೆ ಕಳೆದುಕೊಂಡು ಹೋಗಿರುವುದಿಲ್ಲ. ಎರಡನೆಯ ಸಲವೋ ಐದನೆಯ ಸಲವೋ ಬಂದಾಗ ‘ಆವತ್ತೇ ಹೇಳಿರಲಿಲ್ವಾ’ ಅನ್ನದೆ ಒಂದು ಲೋಟ ನೀರು ಕೊಟ್ಟು ಕೂರಿಸುವವರು ಅಲ್ಲಿರಬೇಕು.

ಅದಕ್ಕಾಗಿ ನಾನು ಕೇಳುವುದು ಇಷ್ಟೇ. ನಿಮ್ಮಲ್ಲಿ ಕೆಲವರಿಗೆ ಪುಣೆಯಲ್ಲಿ ಕೆಲಸ ಸಿಗುತ್ತದೆ, ಕೆಲವರು ಓದಲು ಹೊರಗೆ ಹೋಗುತ್ತೀರಿ, ಮದುವೆಯಾಗುತ್ತೀರಿ, ಬೇಸರವೂ ಬರುತ್ತದೆ. ಹೋಗಿ, ಬೇಡ ಅನ್ನುವುದಿಲ್ಲ. ಆದರೆ ವಾರಕ್ಕೊಂದು ದಿನ, ಒಂದೇ ಹೊತ್ತಿಗೆ, ಒಂದೇ ಅಂಗನವಾಡಿ ಕೋಣೆಯಲ್ಲಿ ನಿಮ್ಮಲ್ಲಿ ಒಬ್ಬರು ಕೂತಿರುತ್ತಾರೆ ಅನ್ನುವುದು ಆ ಬೀದಿಯ ಹೆಂಗಸರಿಗೆಲ್ಲ ಗೊತ್ತಿರಬೇಕು, ಅದು ತಪ್ಪಬಾರದು. ನೀವು ಹೋಗುವ ಮುಂಚೆ ಆ ಕುರ್ಚಿಯಲ್ಲಿ ಇನ್ನೊಬ್ಬರನ್ನು ಕೂರಿಸಿ, ಅವರಿಗೆ ಆ ಬೀದಿಯ ಟೈಲರ್ ಅಕ್ಕನನ್ನು, ಕ್ಲಿನಿಕ್ಕಿನ ನರ್ಸನ್ನು, ರೂಮು ಕೊಡುವ ಓನರನ್ನು ಪರಿಚಯ ಮಾಡಿಸಿ ಹೋಗಿ.